ಭಾಗ ಹನ್ನೊಂದರ ಪ್ರಕಟಣೆ

ನಮ್ಮ ಭಾವನಿಗೆ ಎರಡು ಕೆಲಸ. ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ ನೀರು ಸರಬರಾಜು ಕಚೇರಿಯಲ್ಲಿ ಆವಕ-ಜಾವಕ ಗುಮಾಸ್ತಿಕೆ. ಅಂದರೆ ಒಳಗೆ ಬಂದ ಕಾಗದಕ್ಕೆ ಒಂದು ನಂಬರು, ಹೊರಗೆ ಹೋಗುವ ಕಾಗದಕ್ಕೆ ಇನ್ನೊಂದು ನಂಬರು ಕೊಡುವುದು. ಉಳಿದ ಹೊತ್ತಿನಲ್ಲಿ, ನಿಜ ಹೇಳಬೇಕೆಂದರೆ ಈ ಹೊತ್ತಿನಲ್ಲೂ, ಓದುವುದು. ಮೊದಲನೆಯ ಕೆಲಸ ಹೊಟ್ಟೆಪಾಡಿಗೆ. ಎರಡನೆಯದು ಮನುಕುಲದ ಒಳಿತಿಗೆ ಎಂದು ಭಾವ ನಂಬಿದ್ದರು. ಮನುಕುಲವನ್ನು ಯಾರೂ ಕೇಳಿರಲಿಲ್ಲ.

ಓದುವುದರಲ್ಲೂ ಅವರಿಗೆ ಎರಡೇ ಬಗೆ. ಒಂದು, ಪುಸ್ತಕದಲ್ಲಿ ಯಾರನ್ನಾದರೂ ಯಾರಾದರೂ ಕೊಂದಿರಬೇಕು. ಇಲ್ಲವೇ ಎಲ್ಲರೂ ಸತ್ತು ಲೋಕವೇ ಮುಗಿದಿರಬೇಕು. ಜನ ಬದುಕಿಕೊಂಡು, ಜಗಳವಾಡಿಕೊಂಡು, ಮಕ್ಕಳಿಗೆ ಜ್ವರ ಬಂದರೆ ಔಷಧಿ ತರುವಂಥ ಕಾದಂಬರಿ ಅವರಿಗೆ ಹಿಡಿಸದು. "ಅದನ್ನ ಮನೇಲೇ ನೋಡ್ತೀನಲ್ಲ," ಎನ್ನುತ್ತಿದ್ದರು, ಅಕ್ಕ ಅಡುಗೆಮನೆಯಲ್ಲಿದ್ದಾಳೆಂದು ಖಚಿತಪಡಿಸಿಕೊಂಡು.

ಕೊಲೆಯ ಲೆಕ್ಕಕ್ಕೆ ಒಂಟಿಗಣ್ಣಿನ ಇನ್‌ಸ್ಪೆಕ್ಟರ್ ಮಾಲಿಕೆ, ಮೂವತ್ತೊಂದು ಭಾಗ. ಪ್ರಳಯದ ಲೆಕ್ಕಕ್ಕೆ ಒಣಲೋಕ ಮಾಲಿಕೆ, ಆಗಲೇ ಹನ್ನೊಂದು ಭಾಗ ಬಂದಿತ್ತು. ಒಣಲೋಕದಲ್ಲಿ ಭೂಮಿಯ ನೀರೆಲ್ಲ ಇಂಗಿಹೋಗಿ, ಪ್ರತಿ ಭಾಗದಲ್ಲೂ ಒಂದೊಂದು ಪಟ್ಟಣ ಖಾಲಿಯಾಗುತ್ತದೆ. ಇದನ್ನು ಓದುವಾಗ ಭಾವನ ಮುಖದಲ್ಲಿ ಇರುವಷ್ಟು ನೆಮ್ಮದಿಯನ್ನು ನಾನು ಬೇರೆ ಯಾರ ಮುಖದಲ್ಲೂ ಕಂಡಿಲ್ಲ. ಆರನೇ ಭಾಗದಲ್ಲಿ ನಲವತ್ತು ಸಾವಿರ ಜನ ಬಾಯಾರಿ ಸತ್ತಾಗ ಅವರು ಅಕ್ಕನ ಹತ್ತಿರ ಇನ್ನೊಂದು ಲೋಟ ಚಹಾ ಕೇಳಿದರು.

ಸಂತೋಷವನ್ನು ಹಂಚಿಕೊಳ್ಳುವುದು ಭಾವನ ದೊಡ್ಡ ಗುಣ. ನಾನು ಅವರ ಎದುರು ಮನೆಯಲ್ಲೇ ಅಮ್ಮನ ಜೊತೆ ಇರುವವನು, ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಒಮ್ಮೆ ಬೇಸರಕ್ಕೆಂದು ಇನ್‌ಸ್ಪೆಕ್ಟರ ಏಳನೇ ಭಾಗ ಕೈಗೆತ್ತಿಕೊಂಡೆ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಭಾವ ಭುಜದ ಮೇಲಿಂದ ಬಗ್ಗಿ, "ದರ್ಜಿ. ದರ್ಜಿನೇ ಕೊಂದಿರೋದು. ಆದ್ರೂ ಓದು, ಚೆನ್ನಾಗಿದೆ," ಎಂದರು. ಅಂದಿನಿಂದ ನಾನು ರೈಲಿನ ವೇಳಾಪಟ್ಟಿ ಬಿಟ್ಟು ಬೇರೇನೂ ಓದುವುದಿಲ್ಲ. ಅದರ ಕೊನೆಯನ್ನು ಯಾರು ಹೇಳಿದರೂ ನಷ್ಟವಿಲ್ಲ.

ಒಣಲೋಕ ಬರೆಯುವವರು ಎರಡು ವರ್ಷಕ್ಕೊಂದು ಭಾಗ ಕೊಡುತ್ತಿದ್ದರು. ಅಷ್ಟರಲ್ಲಿ ಯಾರು ಯಾರಿಗೆ ಅಣ್ಣ, ಯಾವ ಸೇತುವೆ ಬಿದ್ದಿದೆ, ಯಾವುದು ಇನ್ನೂ ಬೀಳಬೇಕು ಎಂಬುದು ಮರೆತುಹೋಗುತ್ತದೆ. ಅದಕ್ಕೆಂದೇ ಭಾವ ಪ್ರತಿ ಭಾಗ ಮುಗಿದ ಕೂಡಲೇ ಒಂದು ಸಾರಾಂಶ ಬರೆದಿಡುತ್ತಿದ್ದರು. ಬರೆಯುವುದು ಊಟದ ವಿರಾಮದಲ್ಲಿ, ಕಚೇರಿಯ ಹಸಿರು ಟಿಪ್ಪಣಿ ಹಾಳೆಯಲ್ಲಿ. ಇಪ್ಪತ್ತೆರಡು ವರ್ಷ ಒಂದೇ ಕುರ್ಚಿಯಲ್ಲಿ ಕೂತ ಮನುಷ್ಯನ ಕೈಗೆ ಬೇರೆ ಭಾಷೆ ಬರುವುದಿಲ್ಲ. ಹನ್ನೊಂದನೇ ಭಾಗದ ಸಾರಾಂಶ ಹೀಗಿತ್ತು:

"ಭಾಗ ೧೧. ದಿನಾಂಕ ೧೪ರ ಬೆಳಿಗ್ಗೆ ಆರು ಗಂಟೆಯಿಂದ ನೀರು ಸಂಪೂರ್ಣವಾಗಿ ಸ್ಥಗಿತಗೊಳ್ಳುತ್ತದೆ. ಮೂರನೇ ದಿನ ಅಂಗಡಿಗಳು ಖಾಲಿ. ಆರನೇ ದಿನ ವೈದ್ಯರು ತೀರಿಕೊಳ್ಳುತ್ತಾರೆ. ಒಂಬತ್ತನೇ ದಿನದ ನಂತರ ಏಳು ಜನ ಮಾತ್ರ ಉಳಿಯುತ್ತಾರೆ. ಸದರಿ ಏಳು ಜನರು ನೀರಿನ ಟ್ಯಾಂಕಿನ ಮೇಲೆ ವಾಸಿಸತಕ್ಕದ್ದು. ಹೆಚ್ಚಿನ ವಿವರಗಳನ್ನು ಮುಂದಿನ ಭಾಗದಲ್ಲಿ ತಿಳಿಸಲಾಗುವುದು."

ಈ ಹಾಳೆಯನ್ನು ಭಾವ ಪುಸ್ತಕದೊಳಗೆ ಇಡುವ ಬದಲು ಪಕ್ಕದಲ್ಲಿದ್ದ ಫೈಲಿನೊಳಗೆ ಇಟ್ಟರು. ಆ ಫೈಲಿನ ಮೇಲೆ 'ಸಾರ್ವಜನಿಕ ಪ್ರಕಟಣೆಗಳು' ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಬರೆದವರೂ ಭಾವನೇ.

ಫೈಲು ಟೈಪಿಸ್ಟಮ್ಮನ ಮೇಜಿಗೆ ಹೋಯಿತು. ಟೈಪಿಸ್ಟಮ್ಮ ಹದಿನೆಂಟು ವರ್ಷದಿಂದ ಒಂದು ಅಕ್ಷರ ತಪ್ಪಿಲ್ಲದೆ ಟೈಪು ಮಾಡಿದವರು. ಅವರ ಸಿದ್ಧಾಂತ ಸರಳ: "ನಾನು ಅಕ್ಷರ ನೋಡ್ತೀನಿ, ಅರ್ಥ ನೋಡಲ್ಲ. ಅರ್ಥ ನೋಡಿದ್ರೆ ಸ್ಪೀಡ್ ಕಮ್ಮಿ ಆಗುತ್ತೆ." ಫೈಲು ಅಲ್ಲಿಂದ ಸಾಹೇಬರ ಮೇಜಿಗೆ ಬಂತು. ಸಾಹೇಬರು ನಾಲ್ಕು ಗಂಟೆಗೆ ಐದು ನಿಮಿಷವಿರುವಾಗ ಅರವತ್ತು ಕಾಗದಕ್ಕೆ ಸಹಿ ಹಾಕಿ ನಾಲ್ಕಕ್ಕೆ ಸರಿಯಾಗಿ ಎದ್ದುಹೋಗುವ ಕರ್ತವ್ಯನಿಷ್ಠರು. ಜವಾನರು ನಿವೃತ್ತಿಗೆ ಆರು ತಿಂಗಳಿದ್ದವರು. ಅವರು ಗೋಂದಿನ ಡಬ್ಬಿ ಹಿಡಿದು ಹೊರಟರು. ನೀರು ಸರಬರಾಜಿನ ಲೆಕ್ಕದಲ್ಲಿ ನಮ್ಮ ಬಡಾವಣೆಗೇ 'ಭಾಗ ೧೧' ಎಂದು ಹೆಸರು. ಹಾಗಾಗಿ ಪ್ರಕಟಣೆ ನಮ್ಮ ಬೀದಿಯ ಹಾಲಿನ ಬೂತು, ಬಸ್ ಸ್ಟ್ಯಾಂಡು, ಕ್ಲಿನಿಕ್ಕಿನ ಗೋಡೆ, ಎಲ್ಲ ಕಡೆ ಅಂಟಿಕೊಂಡಿತು. ಅಂದು ಐದನೇ ತಾರೀಕು.

ಮೊದಲು ಓದಿದವರು ನಮ್ಮ ಕೆಳಗಿನ ಮನೆಯ ನಿವೃತ್ತ ಹೆಡ್‌ಮಾಸ್ತರರು. ಮರುದಿನ ಬೆಳಿಗ್ಗೆ ಹಾಲು ತರಲು ಹೋದವರು ಹಾಲು ಮರೆತು ಮೆಟ್ಟಿಲು ಹತ್ತಿ ಭಾವನ ಮನೆಗೆ ಬಂದರು. ಕೈಯಲ್ಲಿ ಕೆಂಪು ಪೆನ್ನು.

"ನಾನು ಎರಡು ಸಲ ತಿದ್ದಿ ನೋಡ್ದೆ," ಎಂದರು ಏದುಸಿರು ಬಿಡುತ್ತ. "ವಾಕ್ಯದಲ್ಲಿ ಒಂದೂ ತಪ್ಪಿಲ್ದಿದ್ರೆ ಯಾರೋ ತಮಾಷೆ ಮಾಡಿದಾರೆ ಅಂದ್ಕೊಳ್ತಿದ್ದೆ. ಆದ್ರೆ ಸದರಿ ಜನರು ಅಂತೆ, ವಾಸಿಸತಕ್ಕದ್ದು ಅಂತೆ! ಸಂಶಯವೇ ಬೇಡ, ಸರ್ಕಾರದ್ದೇ."

ವಿಷಯ ಕೇಳಿ ಅಕ್ಕ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. ಭಾವ ಮಾತ್ರ ಕುರ್ಚಿಯಿಂದ ಜಿಗಿದೆದ್ದರು.

"ಹದಿನಾಲ್ಕನೇ ತಾರೀಕಾ? ಒಣಲೋಕದಲ್ಲೂ ಹದಿನಾಲ್ಕೇ!"

"ಏಳು ಜನ ಉಳೀತಾರಂತೆ," ಎಂದರು ಹೆಡ್‌ಮಾಸ್ತರರು.

"ಅಲ್ಲೂ ಏಳೇ! ಟ್ಯಾಂಕಿನ ಮೇಲೆ ತಾನೇ?"

"ಹೌದು, ಟ್ಯಾಂಕಿನ ಮೇಲೆ."

ಭಾವ ಕಣ್ಣು ಮುಚ್ಚಿ ಕೈಮುಗಿದರು. "ಬರೆದೋರು ಸಾಮಾನ್ಯ ಮನುಷ್ಯರಲ್ಲ. ಮುಂಚೆನೇ ಕಂಡಿದಾರೆ. ಹೆಡ್‌ಮಾಸ್ತರ್ರೇ, ಇದು ಭವಿಷ್ಯವಾಣಿ!"

ಮೂವತ್ತೊಂದು ಪತ್ತೇದಾರಿ ಕಾದಂಬರಿ ಅರಗಿಸಿಕೊಂಡ ಬುದ್ಧಿಗೆ ಇಷ್ಟು ಸುಳಿವು ಸಾಲದೇ ಎಂದು ನೀವು ಕೇಳಬಹುದು. ಸಾಲದು. ಸುಳಿವು ಸಾಲುವುದು ಸುಳಿವನ್ನು ಹುಡುಕುವವರಿಗೆ. ಭಾವ ಆಗಲೇ ಸಂತೋಷದಲ್ಲಿದ್ದರು.

"ನೀವು ಆ ಆಫೀಸಲ್ಲೇ ಕೆಲಸ ಮಾಡೋದಲ್ವೇನ್ರೀ? ನಿಜವಾ ಸುಳ್ಳಾ ಕೇಳ್ಕೊಂಡು ಬನ್ನಿ," ಎಂದಳು ಅಕ್ಕ.

"ಆಫೀಸಿನ ವಿಷಯ ಆಫೀಸಲ್ಲಿ ಯಾರಿಗೆ ಗೊತ್ತಿರುತ್ತೆ?" ಎಂದರು ಭಾವ. ಅವರು ಆ ವಾರ ಆಡಿದ ಮಾತುಗಳಲ್ಲಿ ಇದೊಂದು ಪೂರ್ತಿ ನಿಜ.

ಕಚೇರಿಗೆ ಅಂದು ಮೊದಲು ಬಂದವರು ನಮ್ಮ ಬೀದಿಯ ಡಾಕ್ಟರು. ತಮ್ಮ ಕ್ಲಿನಿಕ್ಕಿನ ಗೋಡೆಯ ಮೇಲಿದ್ದ ಪ್ರಕಟಣೆಯನ್ನೇ ಕಿತ್ತುಕೊಂಡು ಬಂದು ಸಾಹೇಬರ ಮುಂದೆ ಹಿಡಿದರು.

"ಯಾವ ನಿಯಮದ ಪ್ರಕಾರ ನಾನು ಆರನೇ ದಿನ ಸಾಯಬೇಕು?"

ಸಾಹೇಬರು ಕಾಗದ ನೋಡಿದರು. ವಿಷಯ ಹೊಸದು. ಕೆಳಗಿನ ಸಹಿ ಮಾತ್ರ ತಮ್ಮದೇ. ತಾವು ಸಹಿ ಹಾಕಿದ್ದಾರೆಂದರೆ ಅದು ಸರಿಯಾದ ದಾರಿಯಲ್ಲೇ ಬಂದಿರಬೇಕು.

"ಡಾಕ್ಟರೇ, ಇದು ಮೇಲಿನಿಂದ ಬಂದಿರೋದು."

"ಎಷ್ಟು ಮೇಲಿನಿಂದ?" ಎಂದರು ಡಾಕ್ಟರು, ತಾರಸಿಯ ಕಡೆ ನೋಡಿ.

"ಅದನ್ನ ಹೇಳೋಕೆ ನನಗೆ ಅಧಿಕಾರ ಇಲ್ಲ. ಆಕ್ಷೇಪಣೆ ಇದ್ರೆ ಲಿಖಿತವಾಗಿ ಕೊಡಿ, ಪರಿಶೀಲಿಸ್ತೀವಿ. ಆದ್ರೆ ಆರನೇ ದಿನದ ಒಳಗೆ ಕೊಡಿ. ಆಮೇಲೆ ಕೊಟ್ರೆ ತಗೊಳ್ಳಲ್ಲ."

ಡಾಕ್ಟರು ಆಕ್ಷೇಪಣೆ ಬರೆದುಕೊಟ್ಟರು. ಭಾವ ಅದಕ್ಕೊಂದು ನಂಬರು ಕೊಟ್ಟರು. ಅಂದೇ ಮಧ್ಯಾಹ್ನ ಡಾಕ್ಟರು ಕ್ಲಿನಿಕ್ಕಿಗೆ ಬೀಗ ಹಾಕಿ ತಂಗಿಯ ಊರಿಗೆ ಹೊರಟುಹೋದರು. ಬಾಗಿಲಿಗೆ 'ಡಾಕ್ಟರು ಇಲ್ಲ' ಎಂಬ ಹಲಗೆ ನೇತುಬಿದ್ದಿತು. ಅದನ್ನು ನೋಡಿದ ಜನ ಪ್ರಕಟಣೆ ಒಂದು ವಾರ ಮುಂಚಿತವಾಗಿಯೇ ಜಾರಿಗೆ ಬಂದಿದೆ ಎಂದುಕೊಂಡರು.

ಸಾಹೇಬರಿಗೂ ಒಳಗೊಳಗೆ ಅಳುಕು. ಮೇಲಿನ ಕಚೇರಿಗೆ ಫೋನು ಮಾಡಿ, "ಭಾಗ ಹನ್ನೊಂದರ ವಿಷಯ..." ಎಂದು ರಾಗ ಎಳೆದರು. ಗೊತ್ತಿಲ್ಲ ಎಂದು ಹೇಳಿ ಯಾರೂ ಬಡ್ತಿ ಪಡೆದಿಲ್ಲ. ಹಾಗಾಗಿ ಅತ್ತಲಿನವರು, "ಹಾಂ ಹಾಂ, ಅದು ನಿಮ್ಮ ಹಂತದಲ್ಲೇ ನಡೀತಿದೆಯಲ್ಲ, ನಡೆಸಿ," ಎಂದರು. ಸಾಹೇಬರು ಅದನ್ನು ಆದೇಶವೆಂದು ಬರೆದುಕೊಂಡರು.

ಜನ ಮೊದಲ ದಿನ ಹೆದರಿದರು. ಎರಡನೇ ದಿನ ಯೋಚಿಸಿದರು. ಮೂರನೇ ದಿನ ಕಚೇರಿಯ ಮುಂದೆ ಸಾಲು ನಿಂತರು. ನೀರು ಹೋಗುವುದರ ಬಗ್ಗೆ ಯಾರದೂ ತಕರಾರಿಲ್ಲ. ಅವರ ಪ್ರಶ್ನೆ ಒಂದೇ: ಆ ಏಳು ಜನರ ಪಟ್ಟಿ ಯಾರು ಮಾಡುತ್ತಾರೆ?

ಸಾಹೇಬರಿಗೆ ಜೀವ ಬಂತು. ಪಟ್ಟಿ, ಅರ್ಜಿ, ಸಾಲು, ಇವೆಲ್ಲ ಅವರಿಗೆ ಗೊತ್ತಿರುವ ಸಂಗತಿಗಳು. ಅಂದೇ ಒಂದು ನಮೂನೆ ತಯಾರಾಯಿತು. 'ಟ್ಯಾಂಕಿನ ಮೇಲೆ ವಾಸಿಸಲು ಇಚ್ಛಿಸುವವರ ಅರ್ಜಿ. ಈ ಹಿಂದೆ ಟ್ಯಾಂಕಿನ ಮೇಲೆ ವಾಸಿಸಿದ ಅನುಭವವಿದ್ದರೆ ಪ್ರಮಾಣಪತ್ರ ಲಗತ್ತಿಸುವುದು.' ಟೈಪಿಸ್ಟಮ್ಮ ಅರ್ಥ ನೋಡದೆ ಟೈಪು ಮಾಡಿದರು. ಭಾವ ನಾಲ್ಕು ದಿನದಲ್ಲಿ ನಾನೂರ ಹನ್ನೆರಡು ಅರ್ಜಿಗಳಿಗೆ ನಂಬರು ಕೊಟ್ಟರು.

ಹೆಡ್‌ಮಾಸ್ತರರು ಸೇವಾ ಹಿರಿತನದ ಮೇಲೆ ಅರ್ಜಿ ಹಾಕಿದರು. ಶಿಫಾರಸು ಪತ್ರವನ್ನೂ ತಾವೇ ಬರೆದುಕೊಂಡಿದ್ದರು: 'ಇವರನ್ನು ನಾನು ಬಾಲ್ಯದಿಂದಲೂ ಬಲ್ಲೆ.' ಕ್ಷೌರದ ಅಂಗಡಿಯವರು, ಏಳು ಜನಕ್ಕೂ ತಿಂಗಳಿಗೊಮ್ಮೆ ಕೂದಲು ಬೆಳೆಯುವುದು ಖಚಿತವಾದ್ದರಿಂದ ತಮ್ಮನ್ನು ಬಿಟ್ಟು ಪಟ್ಟಿ ಮಾಡುವಂತಿಲ್ಲ ಎಂದು ವಾದಿಸಿದರು. ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದ ಭಾವನ ಚಿಕ್ಕಪ್ಪ ಹಣ್ಣಿನ ಬುಟ್ಟಿ ಹಿಡಿದುಕೊಂಡು ಮನೆಗೇ ಬಂದರು.

"ಏನಪ್ಪಾ, ಇಳಿದುಹೋಗಿದೀಯ," ಎಂದು ಭಾವನ ಬೆನ್ನು ಸವರಿದರು. "ಸಂಬಂಧ ಅಂದ್ರೆ ಏನು ಅಂತ ಕಷ್ಟ ಬಂದಾಗಲೇ ಗೊತ್ತಾಗೋದು. ನಿಮ್ಮ ಚಿಕ್ಕಮ್ಮಂದೂ ಸೇರಿಸಿ ಎರಡು ಹೆಸರು. ಅವಳು ಬರದಿದ್ರೂ ಪರವಾಗಿಲ್ಲ."

ಭಾವ ಒಂದು ಮಾತೂ ಕೊಡಲಿಲ್ಲ. ನಿರಾಕರಿಸಲೂ ಇಲ್ಲ. ಇಪ್ಪತ್ತೆರಡು ವರ್ಷ ಯಾರೂ ತಿರುಗಿ ನೋಡದ ಮನುಷ್ಯನಿಗೆ ಬೀದಿಯಲ್ಲಿ ನಮಸ್ಕಾರಗಳು ಬೀಳತೊಡಗಿದ್ದವು. ಸಂಜೆ ಆರಕ್ಕೆ ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ಅವರ ಉಪನ್ಯಾಸ. ಅರವತ್ತು ಜನ ಕೆಳಗೆ, ಭಾವ ಮೇಲಿನ ಮೆಟ್ಟಿಲಲ್ಲಿ, ತೊಡೆಯ ಮೇಲೆ ಒಣಲೋಕದ ಹನ್ನೊಂದನೇ ಭಾಗ.

"ಮೊದಲು ಹೋಗೋದು ನೀರು. ಆಮೇಲೆ ಹೋಗೋದು ಮರ್ಯಾದೆ," ಎನ್ನುತ್ತಿದ್ದರು. "ಎರಡನೇ ಭಾಗದಲ್ಲಿ ಅಕ್ಕಪಕ್ಕದ ಮನೆಯೋರು ಒಂದು ಚೊಂಬಿಗೋಸ್ಕರ ಚಾಕು ಹಿಡೀತಾರೆ."

ಅಕ್ಕಪಕ್ಕದ ಮನೆಯವರು ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡಿಕೊಂಡರು. ಹೆಡ್‌ಮಾಸ್ತರರು 'ಚೊಂಬು, ಚಾಕು' ಎಂದು ನೋಟ್ಸು ಬರೆದುಕೊಂಡು ಕೆಳಗೆ ಗೆರೆ ಎಳೆದರು.

ಮನೆಯಲ್ಲಿ ಭಾವ ತಮ್ಮದೇ ಏಳು ಜನರ ಪಟ್ಟಿಯನ್ನೂ ಮಾಡಿ ದಿಂಬಿನ ಕೆಳಗೆ ಇಟ್ಟಿದ್ದರು. ದಿಂಬಿನ ಚೀಲ ಬದಲಿಸುವಾಗ ಅದು ಅಕ್ಕನ ಕೈಗೆ ಸಿಕ್ಕಿತು. ಭಾವ, ಅಕ್ಕ, ನಾನು, ಒಣಲೋಕ ಬರೆದವರು, ಇನ್‌ಸ್ಪೆಕ್ಟರನ್ನು ಬರೆದವರು, ಲೈಬ್ರರಿಯವರು, ಒಬ್ಬ ಪ್ಲಂಬರು.

"ನಮ್ಮಮ್ಮ ಎಲ್ಲಿ?" ಎಂದಳು ಅಕ್ಕ.

"ಅವರು ಒಂಬತ್ತನೇ ದಿನದವರೆಗೂ ಇರ್ತಾರಲ್ಲ," ಎಂದರು ಭಾವ, ಸಮಾಧಾನ ಹೇಳುವ ಧ್ವನಿಯಲ್ಲಿ.

ಆಮೇಲೆ ಅಕ್ಕ ಅವರ ಜೊತೆ ಮಾತಾಡಲಿಲ್ಲ. ಎದುರು ಮನೆಯಿಂದ ಅಮ್ಮ ಕಳಿಸುತ್ತಿದ್ದ ತಿಂಡಿಯೂ ನಿಂತಿತು. ಹೀಗೆ ಒಣಲೋಕದ ಕ್ಷಾಮ ಎಲ್ಲರಿಗಿಂತ ಮೊದಲು ತಟ್ಟಿದ್ದು ಭಾವನಿಗೇ.

ಇಷ್ಟರಲ್ಲಿ ಬಡಾವಣೆಯ ಸಾವಿರ ಮನೆಗಳ ಅಷ್ಟೂ ನಲ್ಲಿಗಳು ತೆರೆದುಕೊಂಡಿದ್ದವು. ಬಕೆಟ್ಟು, ಡ್ರಮ್ಮು, ಕೊಡ, ಪಾತ್ರೆ, ಸ್ನಾನದ ತೊಟ್ಟಿ, ಹೂವಿನ ಕುಂಡ. ಅಂಗಡಿಯಲ್ಲಿ ಪ್ಲಾಸ್ಟಿಕ್ ಮಗ್ಗು ಕೂಡ ಉಳಿಯಲಿಲ್ಲ. ಭಾವ ನನ್ನ ಹೆಲ್ಮೆಟ್ಟಿನಲ್ಲೂ ನೀರು ತುಂಬಿಸಿ ಮೇಲೆ ತಟ್ಟೆ ಮುಚ್ಚಿದರು. ನಾನು ಒಂದು ವಾರ ನಡೆದು ಶಾಲೆಗೆ ಹೋದೆ. ತುಂಬಿದ ಪಾತ್ರೆಯ ನೀರು ಹಳತಾಯಿತೆಂದು ಚೆಲ್ಲಿ ಮತ್ತೆ ಹೊಸ ನೀರು ತುಂಬುವವರೂ ಇದ್ದರು. ಪಂಪು ಏರಿಸಿದಷ್ಟನ್ನೂ ಜನ ಇಳಿಸಿಕೊಂಡರು. ಹದಿಮೂರರ ಸಂಜೆ ನಲ್ಲಿಗಳು ಬುಸುಗುಟ್ಟಿದವು. ಹದಿನಾಲ್ಕರ ಬೆಳಿಗ್ಗೆ ಆರಕ್ಕೆ ಸರಿಯಾಗಿ ಟ್ಯಾಂಕಿನ ತಳ ಕಂಡಿತು.

ಹೇಳಿದ ದಿನ, ಹೇಳಿದ ಗಂಟೆಗೆ, ಹೇಳಿದ ಕೆಲಸ ಆದದ್ದು ಆ ಕಚೇರಿಯ ಇತಿಹಾಸದಲ್ಲೇ ಮೊದಲು. ಸಾಹೇಬರು ಹೆಮ್ಮೆಯಿಂದ ಒಂದು ಸುತ್ತು ನಡೆದು ಬಂದರು.

ಹೆಮ್ಮೆ ಮಧ್ಯಾಹ್ನದವರೆಗೆ ಇತ್ತು. ಡ್ರಮ್ಮು ಇದ್ದವರು ಬಾಗಿಲು ಹಾಕಿಕೊಂಡರು. ಇಲ್ಲದವರು ಬೀದಿಗೆ ಬಂದರು. ಕೊನೆಯ ಮನೆಯಲ್ಲಿ ಒಬ್ಬರೇ ಇದ್ದ ಹೊಲಿಗೆಯ ಅಜ್ಜಿಗೆ ಇದ್ದದ್ದೇ ಎರಡು ಕೊಡ. ಎರಡೂ ಎರಡು ದಿನಕ್ಕೆ ಮುಗಿದವು. ಹದಿನಾರನೇ ತಾರೀಕು ಅವರು ಖಾಲಿ ಕೊಡ ಹಿಡಿದು ಕಚೇರಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಬೈಯಲಿಲ್ಲ, ಅಳಲಿಲ್ಲ, ಸುಮ್ಮನೆ ಕೂತರು. ಅವರ ಹಿಂದೆ ನೂರು ಜನ ಬಂದು ನಿಂತರು. ಆ ನೂರು ಜನ ಮಾತ್ರ ಸುಮ್ಮನಿರಲಿಲ್ಲ.

ಮೇಲಿನ ಕಚೇರಿಯಿಂದ ಫೋನು ಬಂತು. ನಾಳೆ ಹನ್ನೊಂದಕ್ಕೆ ಮೇಡಂ ಖುದ್ದಾಗಿ ಬರುತ್ತಾರೆ. ಮೇಡಂ ಬಂದಲ್ಲಿ ಯಾರಾದರೊಬ್ಬರು ಮನೆಗೆ ಹೋಗುತ್ತಾರೆ ಎಂಬುದು ಇಲಾಖೆಗೆಲ್ಲ ಗೊತ್ತಿತ್ತು.

ಸಾಹೇಬರು ಭಾವನನ್ನು ಕರೆದು ಬಾಗಿಲು ಹಾಕಿದರು. "ಆ ಕೊಲೆ ಪುಸ್ತಕಗಳನ್ನೆಲ್ಲ ಓದ್ತೀರಲ್ಲ. ಈ ಪ್ರಕಟಣೆ ಎಲ್ಲಿಂದ ಬಂತು ಅಂತ ನಾಳೆ ಹನ್ನೊಂದರೊಳಗೆ ಪತ್ತೆ ಮಾಡ್ಬೇಕು. ಲಿಖಿತ ಆದೇಶ ಕೊಡ್ತೀನಿ. ಸಾಯೋದು ಉಳಿಯೋದು ನಿಮ್ಮ ಕೈಲಿದೆ." ಬಾಗಿಲವರೆಗೆ ಬಂದು ಮೆಲ್ಲಗೆ ಸೇರಿಸಿದರು: "ಟೈಪಿಸ್ಟು ಅಂತ ಬಂದ್ರೆ ಎಲ್ಲರಿಗೂ ಅನುಕೂಲ."

ಇಪ್ಪತ್ತೆರಡು ವರ್ಷ ಕಾದಿದ್ದ ಘಳಿಗೆ. ಭಾವ ಒಂದು ಕಣ್ಣು ಮುಚ್ಚಿಕೊಂಡರು, ಇನ್‌ಸ್ಪೆಕ್ಟರು ಒಂದೇ ಕಣ್ಣಿನಲ್ಲಿ ಹೆಚ್ಚು ಕಾಣುತ್ತಾರಲ್ಲ. ಹಾಗೇ ಹೊರಗೆ ಬಂದು ಬೀರುವಿಗೆ ಹಣೆ ಹೊಡೆದುಕೊಂಡರು. ಆಮೇಲೆ ನಡೆದದ್ದನ್ನು ಟೈಪಿಸ್ಟಮ್ಮ ನನಗೆ ಹೇಳಿದ್ದಾರೆ. ಅವರು ಅಕ್ಷರ ತಪ್ಪುವವರಲ್ಲ.

ಮೊದಲು ಜವಾನರ ವಿಚಾರಣೆ.

"ಐದನೇ ತಾರೀಕು ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಎಲ್ಲಿದ್ರಿ?"

"ನಿಮ್ಮ ಎದುರಿಗೇ ಸ್ಟೂಲ್ ಮೇಲೆ ಕೂತಿದ್ದೆ ಸಾರ್."

"ಸಾಕ್ಷಿ?"

"ನೀವೇ. ಆದ್ರೆ ನೀವು ಓದ್ತಾ ಇದ್ರಿ, ನೋಡಿಲ್ಲ."

ಭಾವ ಇದನ್ನು 'ಸಂಶಯಾಸ್ಪದ' ಎಂದು ಬರೆದುಕೊಂಡು ಟೈಪಿಸ್ಟಮ್ಮನ ಮೇಜಿಗೆ ಬಂದರು. ಮೂಲ ಕರಡು ಎಲ್ಲಿ ಎಂದು ಕೇಳಿದರು. ಟೈಪಿಸ್ಟಮ್ಮ ಹದಿನೆಂಟು ವರ್ಷದ ಎಲ್ಲ ಕರಡುಗಳನ್ನೂ ದಾರ ಪೋಣಿಸಿ ಇಟ್ಟವರು. ಅರ್ಧ ನಿಮಿಷದಲ್ಲಿ ಹಸಿರು ಹಾಳೆ ತೆಗೆದುಕೊಟ್ಟರು. ಭಾವ ವಿಷಯ ಓದಲಿಲ್ಲ. ವಿಷಯ ಓದುವುದು ಹವ್ಯಾಸಿಗಳ ಕೆಲಸ, ನುರಿತವರು ಅಕ್ಷರ ವಾಲುವ ಬಗೆ ನೋಡುತ್ತಾರೆ. ಹಾಳೆಯನ್ನು ಕಿಟಕಿಗೆ ಹಿಡಿದು, ಒಂಟಿಗಣ್ಣಿನಲ್ಲಿ ದಿಟ್ಟಿಸಿ, ಗಂಭೀರವಾಗಿ ಹೇಳತೊಡಗಿದರು:

"ಬರೆದವನು ಗಂಡಸು. ವಯಸ್ಸು ನಲವತ್ತರ ಮೇಲೆ. ಸೋಮಾರಿ. ಜಂಬದವನು. ಊಟ ಮಾಡ್ತಾ ಬರೆದಿದಾನೆ, ಇಲ್ಲಿ ಎಣ್ಣೆ ಕಲೆ ಇದೆ. ಕಚೇರಿ ಕಾಗದ ಸ್ವಂತಕ್ಕೆ ಬಳಸೋ ಕಳ್ಳ. ಹೆಂಡತಿಗೆ ಹೆದರ್ತಾನೆ. ಇಂಥೋನು ನಮ್ಮ ಮಧ್ಯೆನೇ ಓಡಾಡ್ಕೊಂಡಿದಾನೆ ಅಂದ್ರೆ!"

"ಹೌದು ಸಾರ್," ಎಂದರು ಟೈಪಿಸ್ಟಮ್ಮ. "ನಿಮ್ಮ ಅಕ್ಷರವೇ."

ಭಾವ ಇನ್ನೊಂದು ಕಣ್ಣನ್ನೂ ತೆರೆದರು. ಎರಡೂ ಕಣ್ಣಿನಿಂದ ಹಾಳೆಯನ್ನು ಮೇಲಿನಿಂದ ಕೆಳಗೆ ಓದಿದರು. ಆಮೇಲೆ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತರು. ಅದು ಜವಾನರ ಸ್ಟೂಲು, ಜವಾನರು ಅದರ ಮೇಲೆ ಇದ್ದರು. ಇಬ್ಬರೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದರಂತೆ.

"ಸಾಹೇಬ್ರು ನನ್ನ ಹೆಸರು ಹೇಳಿದಾರಾ?" ಎಂದು ಟೈಪಿಸ್ಟಮ್ಮ ಕೇಳಿದರು. "ನಾನು ಅರ್ಥ ನೋಡಲ್ಲ ಸಾರ್, ಆದ್ರೆ ಬಾಗಿಲು ಹಾಕಿದ್ದು ನೋಡ್ದೆ. ಮನೇಲಿ ದುಡಿಯೋಳು ನಾನೊಬ್ಬಳೇ."

ಭಾವ ಹಸಿರು ಹಾಳೆಯನ್ನು ದಾರಕ್ಕೆ ವಾಪಸ್ ಪೋಣಿಸಿ ಎದ್ದುಹೋದರು.

ಆ ಸಂಜೆ ಮೆಟ್ಟಿಲ ಮೇಲೆ ಉಪನ್ಯಾಸ ಇರಲಿಲ್ಲ. ಭಾವ ಹಾಲ್‌ನಲ್ಲಿ ಪುಸ್ತಕವಿಲ್ಲದೆ ಕೂತಿದ್ದರು. ಮದುವೆಯಾದಾಗಿನಿಂದ ಅವರ ಪೂರ್ತಿ ಮುಖ ನೋಡಿರದ ಅಕ್ಕ ಗಾಬರಿಯಾಗಿ, ಮಾತು ಬಿಟ್ಟಿದ್ದನ್ನು ಮರೆತು, ನನ್ನನ್ನೂ ಕರೆಸಿದಳು. ಭಾವ ಎಲ್ಲ ಹೇಳಿದರು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಅಳು ಎಂದುಕೊಂಡೆ. ನಗು.

ನಕ್ಕು ಮುಗಿದ ಮೇಲೆ ಕೇಳಿದಳು: "ಆಯಮ್ಮನ ಮೇಲೆ ಹಾಕ್ತೀರಾ?"

"ಮೂವತ್ತೊಂದು ಭಾಗದಲ್ಲಿ ಒಂದರಲ್ಲೂ ಇನ್‌ಸ್ಪೆಕ್ಟರು ತಪ್ಪು ಮಾಡದೋರನ್ನ ಹಿಡಿದುಕೊಟ್ಟಿಲ್ಲ," ಎಂದರು ಭಾವ ನೆಲ ನೋಡುತ್ತ. "ಮೇಲಿನವರು ಹೇಳಿದ್ರೂ ಕೊಟ್ಟಿಲ್ಲ. ಹನ್ನೆರಡನೇ ಭಾಗದಲ್ಲಿ ಅದಕ್ಕೋಸ್ಕರ ಕೆಲಸಾನೇ ಕಳ್ಕೊಳ್ತಾರೆ."

"ಆಮೇಲೆ?"

"ಹದಿಮೂರರಲ್ಲಿ ವಾಪಸ್ ಸಿಗುತ್ತೆ."

"ನಿಮಗೆ ಸಿಗುತ್ತಾ?"

"ನಂದು ಒಂದೇ ಭಾಗ ಕಣೇ," ಎಂದರು ಭಾವ.

ಅಕ್ಕ ಎದ್ದುಹೋಗಿ ಎರಡು ಬಕೆಟ್ಟು ನೀರು ನನ್ನ ಕೈಗೆ ಕೊಟ್ಟು, ಹೊಲಿಗೆಯ ಅಜ್ಜಿಯ ಮನೆಗೆ ಕಳಿಸಿದಳು. ನಾನು ಮೂರು ಸಲ ಹೋಗಿ ಬಂದೆ.

ಮರುದಿನ ಹನ್ನೊಂದಕ್ಕೆ ಮೇಡಂ ಬಂದರು. ಎತ್ತರದ ಹೆಂಗಸು, ಭುಜಕ್ಕೆ ಭಾರದ ಚೀಲ, ಮುಖದಲ್ಲಿ ನಗುವಿಗೆ ಜಾಗವಿಲ್ಲ. ಸಭೆಯ ಕೋಣೆಯಲ್ಲಿ ಸಾಹೇಬರು, ಟೈಪಿಸ್ಟಮ್ಮ, ಜವಾನರು. ಸಾರ್ವಜನಿಕರ ಪರವಾಗಿ ಹೆಡ್‌ಮಾಸ್ತರರು. ಆಕ್ಷೇಪಣೆಯ ಗತಿ ತಿಳಿಯಲು ತಂಗಿಯ ಊರಿನಿಂದ ಬಂದಿದ್ದ ಡಾಕ್ಟರು. ಕಿಟಕಿಯ ಸರಳುಗಳಲ್ಲಿ ನಾನೂ ಸೇರಿದಂತೆ ಉಳಿದವರ ಮುಖಗಳು.

ಭಾವ ಎದ್ದು ನಿಂತರು. ಸೀದಾ ಹೇಳಿ ಮುಗಿಸಬಹುದಿತ್ತು. ಆದರೆ ಎಲ್ಲ ಪಾತ್ರಗಳೂ ಒಂದೇ ಕೋಣೆಯಲ್ಲಿ ಸೇರಿರುವಾಗ ಓದುಗನಾದವನು ಹೇಗೆ ತಡೆದುಕೊಂಡಾನು? ಕೈ ಹಿಂದೆ ಕಟ್ಟಿ ಒಂದು ಸುತ್ತು ನಡೆದರು.

"ಅಪರಾಧಿ ಈ ಕೋಣೆಯಲ್ಲೇ ಇದ್ದಾನೆ."

ಸಾಹೇಬರು ಕರವಸ್ತ್ರ ತೆಗೆದರು. ಡಾಕ್ಟರು ಬಾಗಿಲ ಹತ್ತಿರ ಸರಿದರು. ಭಾವ ಹೆಡ್‌ಮಾಸ್ತರರ ಮುಂದೆ ನಿಂತರು, ಜವಾನರ ಮುಂದೆ ನಿಂತರು, ಟೈಪಿಸ್ಟಮ್ಮನ ಮುಂದೆ ನಿಂತರು. ಟೈಪಿಸ್ಟಮ್ಮ ಕಣ್ಣು ಮುಚ್ಚಿಕೊಂಡರು.

"ಬೇಗ ಹೇಳ್ರೀ," ಎಂದರು ಮೇಡಂ.

"ನಾನೇ ಮೇಡಂ," ಎಂದರು ಭಾವ. ಧ್ವನಿಯಲ್ಲಿದ್ದ ಇನ್‌ಸ್ಪೆಕ್ಟರು ಇಳಿದುಹೋಗಿದ್ದರು. "ಅದು ಪ್ರಕಟಣೆ ಅಲ್ಲ. ಕಾದಂಬರಿ ಸಾರಾಂಶ. ನಾನೇ ಬರೆದು ನಾನೇ ತಪ್ಪು ಫೈಲಲ್ಲಿ ಇಟ್ಟಿದ್ದು. ಆಯಮ್ಮಂದು ಏನೂ ತಪ್ಪಿಲ್ಲ."

ಮೊದಲು ಬಾಯಿಬಿಟ್ಟವರು ಹೆಡ್‌ಮಾಸ್ತರರು.

"ಹಾಗಾದ್ರೆ ಏಳು ಜನರ ಪಟ್ಟಿ?"

"ಇಲ್ಲ ಸಾರ್."

"ನನ್ನ ಸೀನಿಯಾರಿಟಿ?"

ಮೇಡಂ ಕೈ ನೀಡಿ ಪ್ರಕಟಣೆ ತೆಗೆದುಕೊಂಡರು. ಹನ್ನೆರಡು ದಿನದಿಂದ ಅವರ ಕಚೇರಿಯಲ್ಲೂ ಒಂದು ಪ್ರತಿ ಬಿದ್ದಿತ್ತು, ಯಾರೂ ಓದಿರಲಿಲ್ಲ. ಈಗ ಓದಿದರು. ಮೂರನೇ ಸಾಲಿಗೆ ಬಂದವರು ಮತ್ತೆ ಮೊದಲಿನಿಂದ ಓದಿದರು.

"ಯಾವ ಕಾದಂಬರಿ?"

"ಒಣಲೋಕ, ಮೇಡಂ. ಭಾಗ ಹನ್ನೊಂದು."

ಮೇಡಂ ಭುಜದ ಚೀಲವನ್ನು ಮೇಜಿನ ಮೇಲೆ ಇಟ್ಟು, ಒಳಗಿನಿಂದ ಒಂದು ದಪ್ಪ ಪುಸ್ತಕ ತೆಗೆದರು. ಒಣಲೋಕ, ಭಾಗ ಒಂಬತ್ತು. ನಡುವೆ ಬಸ್ ಟಿಕೆಟ್ಟಿನ ಗುರುತು.

"ವೈದ್ಯರು ಸಾಯ್ತಾರಾ?"

ಆ ಧ್ವನಿ ಅಧಿಕಾರಿಯದಾಗಿರಲಿಲ್ಲ. ತಾವು ಮಾಡಿದ್ದೇನೆಂದು ಭಾವನಿಗೆ ಆಗ ಅರ್ಥವಾಯಿತು. ಊರಿಗೆ ನೀರು ನಿಂತಾಗ ಬಿಳಿಚದ ಮುಖ ಈಗ ಬಿಳಿಚಿತು.

"ಮೇಡಂ, ನನಗೆ ಗೊತ್ತಿರ್ಲಿಲ್ಲ, ನೀವು ಇನ್ನೂ..."

"ಈಗಷ್ಟೇ ಮರಳುಗಾಡಿಂದ ತಪ್ಪಿಸ್ಕೊಂಡು ಬಂದಿದಾರೆ ಅವರು! ಇನ್ನೂರ ಎಂಬತ್ತನೇ ಪುಟ! ಆ ಮನುಷ್ಯನಿಗೋಸ್ಕರ ಈ ಮಾಲಿಕೆ ಓದ್ತಿದೀನಿ ನಾನು! ಏಳು ಜನ ಅಂದ್ರೆ, ಅವರ ತಂಗಿನೂ ಇಲ್ವಾ?"

"ತಂಗಿ ಉಳೀತಾಳೆ ಮೇಡಂ, ಅವಳು ಹತ್ತನೇ ಭಾಗದಲ್ಲೇ..."

"ಬಾಯಿ ಮುಚ್ಚಿ!"

ಸಾಹೇಬರು ಅವಕಾಶ ನೋಡಿ, "ಮೇಡಂ, ಈ ನೀರಿನ ವಿಷಯದಲ್ಲಿ..." ಎಂದು ಶುರುಮಾಡಿದರು.

"ನೀರು ನಿಂತಿದ್ದು ಮೂರು ದಿನ. ನಾಳೆ ಬರುತ್ತೆ," ಎಂದರು ಮೇಡಂ. ಪುಸ್ತಕವನ್ನು ಎತ್ತಿ ತೋರಿಸಿದರು. "ಇದು ವಾಪಸ್ ಬರುತ್ತಾ?"

ಅಷ್ಟು ಹೊತ್ತೂ ಮೂಲೆಯಲ್ಲಿ ನಿಂತಿದ್ದ ನಮ್ಮ ಬೀದಿಯ ಡಾಕ್ಟರಿಗೆ, ಸಾಯುವವರು ಬೇರೆ ಡಾಕ್ಟರು ಎಂಬುದು ಆಗ ಹೊಳೆಯಿತು. ಅವರೊಬ್ಬರೇ ಜೋರಾಗಿ ಚಪ್ಪಾಳೆ ತಟ್ಟಿದರು.

ಮೇಡಂ ಅಲ್ಲೇ ಕೂತು ಆದೇಶ ಬರೆಸಿದರು. ಜನ ನಲ್ಲಿಗಳನ್ನು ಮುಚ್ಚಬೇಕು, ಟ್ಯಾಂಕು ತುಂಬಲಿ. ಡ್ರಮ್ಮು ಇರುವವರು ಇಲ್ಲದವರಿಗೆ ಕೊಡಬೇಕು. ಸಾಹೇಬರು ಇನ್ನು ಮುಂದೆ ಪ್ರತಿ ಕಾಗದದ ಕೆಳಗೆ 'ಓದಿದ್ದೇನೆ' ಎಂದು ಬರೆದು ಆಮೇಲೆ ಸಹಿ ಹಾಕಬೇಕು. ಇದರಿಂದ ಸಾಹೇಬರು ನಾಲ್ಕರ ಬದಲು ಏಳಕ್ಕೆ ಮನೆಗೆ ಹೋಗುವಂತಾಯಿತು. ಟೈಪಿಸ್ಟಮ್ಮನ ಹೆಸರು ಎಲ್ಲೂ ಬರಲಿಲ್ಲ. ಭಾವನಿಗೆ ಹಳೇ ಕಡತಗಳ ಕೋಣೆಗೆ ವರ್ಗ. ಆದೇಶದಲ್ಲಿ ಕಾರಣ ಹೀಗಿತ್ತು: 'ಕಥೆಯ ಕೊನೆಯನ್ನು ಅಕಾಲದಲ್ಲಿ ಬಹಿರಂಗಪಡಿಸಿದ ಗುರುತರ ಅಪರಾಧಕ್ಕಾಗಿ.' ನೀರಿನ ಮಾತೇ ಇರಲಿಲ್ಲ.

ಮರುದಿನ ನಲ್ಲಿಗಳಲ್ಲಿ ನೀರು ಬಂತು. ಚಿಕ್ಕಪ್ಪ ಮತ್ತೆ ಮಾತು ಬಿಟ್ಟರು. ಬೀದಿಯ ನಮಸ್ಕಾರಗಳೂ ನಿಂತವು. ಒಂದು ವಾರ ಭಾವ ಹಿತ್ತಲ ಬಾಗಿಲಿನಿಂದಲೇ ಓಡಾಡಿದರು. ಆದರೆ ಹಳೇ ಕಡತಗಳ ಕೋಣೆ ಅವರಿಗೆ ಶಿಕ್ಷೆಯೆಂದು ಅನ್ನಿಸಲೇ ಇಲ್ಲ. ಒಂದು ಕಿಟಕಿ, ಒಂದು ಕುರ್ಚಿ, ಧೂಳು ಹಿಡಿದ ಮೌನ. ದಿನಕ್ಕೆ ನೂರು ಪುಟ ಆರಾಮವಾಗಿ ಓದಬಹುದು.

ಎರಡು ತಿಂಗಳ ನಂತರ ಇನ್‌ಸ್ಪೆಕ್ಟರ ಮೂವತ್ತೆರಡನೇ ಭಾಗ ಬಂತು. ಲೈಬ್ರರಿಯಲ್ಲಿ ಮೊದಲ ಹೆಸರು ಭಾವನದೇ. ಅಂಥ ಕೊಲೆ ಈವರೆಗೆ ಆಗಿಲ್ಲ, ಒಳಗಿನಿಂದ ಬೀಗ, ಏಳು ಜನರ ಮೇಲೆ ಸಂಶಯ ಎಂದು ದಿನವೂ ವರದಿ ಕೊಡುತ್ತಿದ್ದರು. ಮುನ್ನೂರು ಪುಟದ ಪುಸ್ತಕದಲ್ಲಿ ಇನ್ನೂರ ಎಂಬತ್ತನ್ನು ಮುಟ್ಟಿದ ದಿನ ಮೇಲಿನ ಕಚೇರಿಯಿಂದ ಅವರ ಹೆಸರಿಗೆ ಒಂದು ಲಕೋಟೆ ಬಂತು. ಮೇಲೆ ಅರಗಿನ ಮುದ್ರೆ. 'ಗೌಪ್ಯ. ಖುದ್ದಾಗಿ ತೆರೆಯತಕ್ಕದ್ದು.'

ಭಾವ ಖುದ್ದಾಗಿ ತೆರೆದರು. ಒಳಗೆ ಒಂದೇ ಸಾಲು, ಕೆಳಗೆ ಮೇಡಂ ಸಹಿ, ಇಲಾಖೆಯ ಮೊಹರು. ಆ ಸಾಲಿನಲ್ಲಿ ಕೊಲೆಗಾರನ ಹೆಸರಿತ್ತು.

ಆ ಸಂಜೆ ಭಾವ ಸೀದಾ ನಮ್ಮ ಮನೆಗೆ ಬಂದರು. ಅಮ್ಮ ಕೊಟ್ಟ ಚಹಾ ಹಿಡಿದುಕೊಂಡು ಲಕೋಟೆಯ ವಿಷಯ ಹೇಳಿದರು. ನನಗೆ ಪುಸ್ತಕದ ಗೀಳಿಲ್ಲ. ಆದರೂ ಎರಡು ವಾರದಿಂದ ಆ ಏಳು ಜನರ ವಿಷಯ ಕೇಳಿ ಕೇಳಿ ಕುತೂಹಲ ಹತ್ತಿತ್ತು.

"ಯಾರಂತೆ ಭಾವ?" ಎಂದೆ.

ಭಾವ ಬಾಯಿ ತೆರೆದರು. ಆ ಹೆಸರು ನಾಲಿಗೆಯ ತುದಿಯವರೆಗೆ ಬಂದದ್ದು ನನಗೆ ಕಂಡಿತು. ಮತ್ತೆ ಬಾಯಿ ಮುಚ್ಚಿಕೊಂಡರು.

"ಹೇಳಲ್ಲ ಕಣೋ," ಎಂದರು. "ಒಂದು ಊರು ಒಣಗಿಸಿದ್ದು ಸಾಕು."